ಅಗ್ಗದ ಅಂಗಡಿಗೆ ಹೋದರೂ ದುಡ್ಡು ಯಾಕೆ ಉಳಿಯುತ್ತಿಲ್ಲ?

ಕಳೆದ ಸಂಚಿಕೆಯಲ್ಲಿ ದಿನಸಿ ಖರ್ಚಿನ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆ. ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಕೆಲವರು ಬಿಲ್ಲನ್ನೇ ಲಕೋಟೆಯಲ್ಲಿ ಹಾಕಿ ಕಳಿಸಿದ್ದಾರೆ, ಒಬ್ಬರು ಆರು ತಿಂಗಳ ಬಿಲ್ಲುಗಳನ್ನು ದಾರದಲ್ಲಿ ಪೋಣಿಸಿ ಕಳಿಸಿದ್ದಾರೆ. ಎಲ್ಲವನ್ನೂ ಕೂತು ಓದಿದೆ. ಎಲ್ಲರಿಗೂ ಉತ್ತರಿಸಲು ಜಾಗ ಸಾಲದು, ಹೆಚ್ಚು ಜನರಿಗೆ ಕಾಡಿದ ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇನೆ.

ಅಕ್ಕಾ, ನಾವು ಮನೆಯಲ್ಲಿ ನಾಲ್ಕು ಜನ. ಮೊದಲು ಹತ್ತಿರದ ಚಿಕ್ಕ ಅಂಗಡಿಯಿಂದ ಸಾಮಾನು ತರುತ್ತಿದ್ದೆವು. ಆರು ತಿಂಗಳಿಂದ ಡಿಸ್ಕೌಂಟ್ ಸೂಪರ್‌ಮಾರ್ಕೆಟ್‌ಗೆ ಹೋಗುತ್ತಿದ್ದೇವೆ. ಒಂದೊಂದು ವಸ್ತುವೂ ಅಲ್ಲಿ ಕಮ್ಮಿ, ಅದು ನಿಜ. ಆದರೆ ತಿಂಗಳ ಕೊನೆಗೆ ಲೆಕ್ಕ ಹಾಕಿದರೆ ಖರ್ಚು ಮೊದಲಿಗಿಂತ ಜಾಸ್ತಿಯೇ ಆಗಿದೆ. ತಪ್ಪು ಎಲ್ಲಿ ಆಗುತ್ತಿದೆ? ಹೋದ ತಿಂಗಳ ಬಿಲ್ಲು ಮತ್ತು ನಾನು ಬರೆದುಕೊಂಡು ಹೋಗಿದ್ದ ಚೀಟಿ ಎರಡನ್ನೂ ಕಳಿಸಿದ್ದೇನೆ.

ಚೀಟಿಯನ್ನೂ ಕಳಿಸಿದಿರಲ್ಲ, ತುಂಬಾ ಒಳ್ಳೆಯದಾಯಿತು ತಂಗಿ. ಬಿಲ್ಲು ಒಂದೇ ಇದ್ದಿದ್ದರೆ ನನಗೂ ಗೊತ್ತಾಗುತ್ತಿರಲಿಲ್ಲ.

ಎರಡನ್ನೂ ಅಕ್ಕಪಕ್ಕ ಇಟ್ಟು ಪೆನ್ನು ಹಿಡಿದು ಕೂತೆ. ಬಿಲ್ಲಿನಲ್ಲಿ 41 ಸಾಲುಗಳಿವೆ. ಚೀಟಿಯಲ್ಲಿ ಇದ್ದದ್ದು 19. ಆ 19ಕ್ಕೆ ಟಿಕ್ ಹಾಕುತ್ತಾ ಬಂದೆ, ಎಲ್ಲವೂ ಸಿಕ್ಕಿವೆ, ಒಂದೂ ಬಿಟ್ಟಿಲ್ಲ. ಉಳಿದ 22 ಸಾಲು ಚೀಟಿಯಲ್ಲಿ ಇಲ್ಲದವು. ಮೂರು ಬಗೆಯ ಬಿಸ್ಕೆಟ್, ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬಿಗಳ ಸೆಟ್ಟು, ಕಾಲೊರೆಸುವ ಮ್ಯಾಟು, ಎರಡು ಬಾಟಲಿ ಹಣ್ಣಿನ ರಸ, ಕೈ ತೊಳೆಯುವ ಸೋಪಿನ ದೊಡ್ಡ ಕ್ಯಾನು. ಅದರಲ್ಲಿ ಏಳರ ಮುಂದೆ ಆಫರ್ ಎಂದು ಅಚ್ಚಾಗಿದೆ. ಮೊತ್ತ ಕೂಡಿಸಿದರೆ ಚೀಟಿಯಲ್ಲಿ ಇಲ್ಲದ ಸಾಮಾನಿಗೇ ಬಿಲ್ಲಿನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹೋಗಿದೆ.

ಅಂದರೆ ದರ ಇಳಿದಿದೆ, ಸಾಮಾನು ಜಾಸ್ತಿಯಾಗಿದೆ. ಚೀಟಿಯ 19 ವಸ್ತುಗಳನ್ನಷ್ಟೇ ತಂದಿದ್ದರೆ ನಿಮಗೆ ನಿಜವಾಗಿಯೂ ದುಡ್ಡು ಉಳಿಯುತ್ತಿತ್ತು. ಅಂಗಡಿ ಬದಲಿಸಿದ್ದು ತಪ್ಪಲ್ಲ, ಸರಿಯೇ.

ಇದಕ್ಕೆ ನಿಮ್ಮನ್ನೇ ಬೈದುಕೊಳ್ಳಬೇಡಿ. ಇಂಥ ಅಂಗಡಿಗಳು ಇರುವುದೇ ಹಾಗೆ. 1916ಕ್ಕಿಂತ ಮುಂಚೆ ದಿನಸಿ ಅಂಗಡಿ ಅಂದರೆ ಕೌಂಟರಿನ ಈಚೆ ನಿಂತು ನಿಮಗೆ ಬೇಕಾದ್ದನ್ನು ಹೇಳುವುದು, ಆಚೆ ಇದ್ದವರು ತೆಗೆದು, ತೂಗಿ ಕೊಡುವುದು. ಆ ವರ್ಷ ಅಮೆರಿಕದ ಮೆಂಫಿಸ್‌ನಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬಾತ ಪಿಗ್ಲಿ ವಿಗ್ಲಿ ಎಂಬ ಅಂಗಡಿ ತೆರೆದ. ಗಿರಾಕಿಯೇ ಒಳಗೆ ಓಡಾಡಿ, ತಾನೇ ತೆಗೆದುಕೊಂಡು ಬರಬೇಕು. ಅಲ್ಲಿಂದ ಶುರು ಆಯಿತು ನೋಡಿ. ಕೌಂಟರಿನ ಮುಂದೆ ನಿಂತಾಗ ಬೇಕಾದದ್ದು ನೆನಪಿಗೆ ಬರುತ್ತದೆ, ಶೆಲ್ಫಿನ ನಡುವೆ ಓಡಾಡುವಾಗ ಕಂಡದ್ದೆಲ್ಲ ಬೇಕು ಅನ್ನಿಸುತ್ತದೆ. ಆಮೇಲೆ 1937ರಲ್ಲಿ ಓಕ್ಲಹೋಮ ಸಿಟಿಯಲ್ಲಿ ಸಿಲ್ವನ್ ಗೋಲ್ಡ್‌ಮನ್ ಎಂಬ ಅಂಗಡಿ ಮಾಲೀಕ ಒಂದು ವಿಷಯ ಗಮನಿಸಿದ. ಕೈಯಲ್ಲಿನ ಬುಟ್ಟಿ ಭಾರ ಆದ ಕೂಡಲೇ ಜನ ಸಾಮಾನು ತೆಗೆದುಕೊಳ್ಳುವುದನ್ನು ನಿಲ್ಲಿಸುತ್ತಾರೆ. ಅದಕ್ಕೇ ಬುಟ್ಟಿಗೆ ಚಕ್ರ ಹಚ್ಚಿದ. ಇವತ್ತು ನಾವು ತಳ್ಳುವ ಟ್ರಾಲಿ ಹುಟ್ಟಿದ್ದು ಹೀಗೆ.

ಹಾಗಾಗಿ ನನ್ನ ಮೊದಲ ಸಲಹೆ: ಟ್ರಾಲಿ ಬಿಡಿ, ಕೈಬುಟ್ಟಿ ತೆಗೆದುಕೊಳ್ಳಿ. ಭಾರದ ಸಾಮಾನು ತರುವ ದಿನ ಮಾತ್ರ ಟ್ರಾಲಿ. ತೋಳು ನೋಯಲು ಶುರುವಾದಾಗ ಮನಸ್ಸು ತಾನಾಗಿ "ಇದು ಬೇಕಾ?" ಎಂದು ಕೇಳುತ್ತದೆ. ಇನ್ನೊಂದು, ಚೀಟಿಯಲ್ಲಿ ಇಲ್ಲದ ವಸ್ತು ಕಣ್ಣಿಗೆ ಬಿದ್ದು ಬೇಕು ಅನ್ನಿಸಿದರೆ ಅದನ್ನು ಬುಟ್ಟಿಗೆ ಹಾಕುವ ಬದಲು ಚೀಟಿಯ ಹಿಂದೆ ಬರೆಯಿರಿ. ಮುಂದಿನ ಸಲ ಹೋಗುವಾಗಲೂ ಬೇಕು ಅನ್ನಿಸಿದರೆ ತನ್ನಿ. ನಾನು ಎರಡು ವರ್ಷದಿಂದ ಹೀಗೆ ಮಾಡುತ್ತಿದ್ದೇನೆ, ಹಿಂದೆ ಬರೆದದ್ದರಲ್ಲಿ ಹೆಚ್ಚಿನವು ಎರಡನೇ ವಾರಕ್ಕೆ ನೆನಪೂ ಇರುವುದಿಲ್ಲ.

ವಾರಕ್ಕೆ ಎಷ್ಟು ಸಲ ಹೋಗುತ್ತೀರಿ ಅಂತ ನೀವು ಬರೆದಿಲ್ಲ. ಬಿಲ್ಲಿನ ತಾರೀಖು ನೋಡಿದರೆ ಇದು ದೊಡ್ಡ ಖರೀದಿ, ನಡುವೆ ಇನ್ನೂ ಸಣ್ಣ ಸಣ್ಣ ಖರೀದಿಗಳು ಇರಬೇಕು. ಹಾಲು ಮುಗಿಯಿತು ಎಂದು ಓಡಿ ಹೋಗಿ ಆರು ಸಾಮಾನು ಹಿಡಿದು ಬರುವ ಆ ಖರೀದಿಗಳನ್ನು ನಿಲ್ಲಿಸಿ. ಒಂದೇ ವಸ್ತು ಬೇಕಿದ್ದರೆ ಹತ್ತಿರದ ಚಿಕ್ಕ ಅಂಗಡಿಯಲ್ಲೇ ಕೊಳ್ಳಿ, ಸ್ವಲ್ಪ ಜಾಸ್ತಿ ಕೊಟ್ಟರೂ ಲಾಭವೇ.

ಇಷ್ಟು ಕಮ್ಮಿಗೆ ಹೇಗೆ ಕೊಡುತ್ತಾರೆ? ಕಳಪೆ ಮಾಲು ಇರಬೇಕು ಅಂತ ನಮ್ಮ ಯಜಮಾನರು ಒಳಗೆ ಕಾಲೇ ಇಡುವುದಿಲ್ಲ.

ಯಜಮಾನರ ಅನುಮಾನ ಸಹಜ. ಈ ಬಗೆಯ ಅಂಗಡಿಯ ಕತೆ ಕೇಳಿದರೆ ಬಹುಶಃ ಸ್ವಲ್ಪ ಸಮಾಧಾನ ಆದೀತು.

ಜರ್ಮನಿಯ ಎಸ್ಸೆನ್ ಊರಿನಲ್ಲಿ 1913ರಲ್ಲಿ ಒಬ್ಬ ತಾಯಿ ಚಿಕ್ಕ ದಿನಸಿ ಅಂಗಡಿ ಇಟ್ಟಿದ್ದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಕ್ಕಳಾದ ಕಾರ್ಲ್ ಮತ್ತು ಥಿಯೊ ಆಲ್ಬ್ರೆಕ್ಟ್ ಅದನ್ನು ನಡೆಸಲು ಶುರು ಮಾಡಿದರು. ಕೈಯಲ್ಲಿ ದುಡ್ಡಿಲ್ಲ, ಹಾಗಾಗಿ ಕೆಲವೇ ಸಾಮಾನು ಇಟ್ಟರು. ಆಮೇಲೆ ನೋಡಿದರೆ ಅದೇ ಲಾಭದ ದಾರಿ ಆಗಿತ್ತು. ಸಾಮಾನು ಕಮ್ಮಿ ಇದ್ದರೆ ಗೋದಾಮು ಚಿಕ್ಕದು ಸಾಕು, ಕೆಲಸದವರು ಕಮ್ಮಿ ಸಾಕು, ಒಂದೇ ವಸ್ತುವನ್ನು ರಾಶಿಗಟ್ಟಲೆ ಕೊಳ್ಳುವುದರಿಂದ ಸಗಟು ದರವೂ ಇಳಿಯುತ್ತದೆ. 1962ರಲ್ಲಿ ಅವರು ಇಟ್ಟ ಹೆಸರು ಆಲ್ಡಿ. ಆಲ್ಬ್ರೆಕ್ಟ್ ಡಿಸ್ಕೌಂಟ್ ಎಂಬುದರ ಚಿಕ್ಕ ರೂಪ ಅದು. ಸಿಗರೇಟು ಮಾರಬೇಕೋ ಬೇಡವೋ ಎಂಬ ವಿಷಯಕ್ಕೆ ಅಣ್ಣತಮ್ಮಂದಿರು ವ್ಯಾಪಾರವನ್ನೇ ಉತ್ತರ, ದಕ್ಷಿಣ ಎಂದು ಭಾಗ ಮಾಡಿಕೊಂಡದ್ದು ಬೇರೆ ಕತೆ.

ಇವತ್ತಿಗೂ ಈ ಬಗೆಯ ಅಂಗಡಿಗಳಲ್ಲಿ ಎರಡು ಸಾವಿರದ ಆಸುಪಾಸಿನಲ್ಲಿ ಸಾಮಾನು ಇರುತ್ತವೆ, ದೊಡ್ಡ ಮಾಮೂಲಿ ಸೂಪರ್‌ಮಾರ್ಕೆಟ್ಟಿನಲ್ಲಿ ಹತ್ತಾರು ಸಾವಿರ. ಸಾಮಾನನ್ನು ಒಂದೊಂದಾಗಿ ಜೋಡಿಸಿ ಇಡುವುದಿಲ್ಲ, ಬಂದ ರಟ್ಟಿನ ಪೆಟ್ಟಿಗೆಯ ಮುಂಭಾಗ ಹರಿದು ಹಾಗೇ ಇಡುತ್ತಾರೆ. ಪ್ಯಾಕೆಟ್ಟಿನ ಎರಡು ಮೂರು ಕಡೆ ಬಾರ್‌ಕೋಡ್ ಅಚ್ಚು ಹಾಕಿರುತ್ತಾರೆ, ಕೌಂಟರಿನಲ್ಲಿ ತಿರುಗಿಸಿ ಹುಡುಕುವ ಹೊತ್ತು ಉಳಿಯಲಿ ಎಂದು. ಜೊತೆಗೆ ಅಂಗಡಿಯದ್ದೇ ಸ್ವಂತ ಬ್ರ್ಯಾಂಡು, ಅದಕ್ಕೆ ಜಾಹೀರಾತಿನ ಖರ್ಚು ಬಹಳ ಕಮ್ಮಿ. ದರ ಇಳಿಯಲು ಇವೇ ಸಾಕು, ಮಾಲು ಕಳಪೆ ಆಗಲೇಬೇಕು ಅಂತೇನಿಲ್ಲ.

ಹಾಗಂತ ಎಲ್ಲವೂ ಒಳ್ಳೆಯದು ಅಂತ ಕಣ್ಣುಮುಚ್ಚಿ ತರಬೇಡಿ. ಪ್ಯಾಕೆಟ್ಟಿನ ಹಿಂದೆ ಏನೇನು ಹಾಕಿದ್ದಾರೆ ಎಂಬ ಪಟ್ಟಿ ಇರುತ್ತದಲ್ಲ, ಅದರಲ್ಲಿ ತೂಕ ಹೆಚ್ಚಿರುವುದು ಮೊದಲು, ಕಮ್ಮಿ ಇರುವುದು ಕೊನೆಗೆ ಬರುತ್ತದೆ. ಹೆಸರಾಂತ ಬ್ರ್ಯಾಂಡಿನ ಪ್ಯಾಕೆಟ್ಟು, ಅಂಗಡಿಯ ಬ್ರ್ಯಾಂಡಿನ ಪ್ಯಾಕೆಟ್ಟು ಎರಡನ್ನೂ ಕೈಯಲ್ಲಿ ಹಿಡಿದು ಆ ಪಟ್ಟಿಯ ಮೊದಲ ನಾಲ್ಕು ಪದ ಹೋಲಿಸಿ ನೋಡಿ. ಒಂದರಲ್ಲಿ ಹಣ್ಣು ಮೊದಲು, ಇನ್ನೊಂದರಲ್ಲಿ ಸಕ್ಕರೆ ಮೊದಲು ಇದ್ದರೆ ಅಗ್ಗ ಯಾಕೆ ಎಂದು ಅಲ್ಲೇ ಗೊತ್ತಾಗುತ್ತದೆ. ಉಪ್ಪು, ಸಕ್ಕರೆಗೆ ನಾನು ಬ್ರ್ಯಾಂಡ್ ನೋಡುವುದೇ ಇಲ್ಲ. ಉಳಿದವಕ್ಕೆ ಮೊದಲು ಎಲ್ಲಕ್ಕಿಂತ ಚಿಕ್ಕ ಪ್ಯಾಕ್ ತಂದು, ಡಬ್ಬಿಗೆ ಸುರಿದು, ಯಾವ ಬ್ರ್ಯಾಂಡು ಅಂತ ಯಜಮಾನರಿಗೆ ಹೇಳದೆ ಕೊಡಿ. ಅವರಿಗೆ ಇಷ್ಟವಾಗದಿದ್ದರೆ ಅದೂ ನ್ಯಾಯವೇ, ಬಿಟ್ಟುಬಿಡಿ. ತಿನ್ನದೆ ಉಳಿಯುವ ಸಾಮಾನು ಅಗ್ಗ ಅಲ್ಲ.

ದೊಡ್ಡ ಪ್ಯಾಕ್ ಯಾವಾಗಲೂ ಲಾಭ ಅಲ್ವಾ? ಗೆಳತಿ ಹಾಗಲ್ಲ ಅನ್ನುತ್ತಾಳೆ.

ನಿಮ್ಮ ಗೆಳತಿ ಹೇಳಿದ್ದು ಸರಿ. ಈ ಅಂಕಣದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಪ್ಯಾಕೆಟ್ಟಿನ ದರ ನೋಡಬೇಡಿ, ಕಿಲೋ ದರ ನೋಡಿ.

ಶೆಲ್ಫಿನ ಅಂಚಿಗೆ ಅಂಟಿಸಿದ ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಪ್ಯಾಕೆಟ್ಟಿನ ದರ ಇರುತ್ತದೆ. ಅದರ ಮೂಲೆಯಲ್ಲಿ, ಬಗ್ಗಿ ನೋಡಿದರೆ ಮಾತ್ರ ಕಾಣುವ ಹಾಗೆ, ಕಿಲೋಗೆ ಅಥವಾ ಲೀಟರಿಗೆ ಎಷ್ಟು ಎಂದು ಇರುತ್ತದೆ. ಯುರೋಪಿನ ದೇಶಗಳಲ್ಲಿ ಇದನ್ನು ಹಾಕಲೇಬೇಕು ಎಂದು 1998ರಲ್ಲೇ ನಿಯಮ ತಂದರು. ಅದು ಇಲ್ಲದ ಕಡೆ ಫೋನಿನ ಕ್ಯಾಲ್ಕುಲೇಟರ್ ತೆಗೆಯಿರಿ, ದರವನ್ನು ಗ್ರಾಮಿನಿಂದ ಭಾಗಿಸಿ ಸಾವಿರದಿಂದ ಗುಣಿಸಿ. ನಾಚಿಕೊಳ್ಳಬೇಡಿ, ನಮ್ಮ ದುಡ್ಡು ಅದು. ಎಷ್ಟೋ ಸಲ ನಡುವಿನ ಗಾತ್ರದ ಪ್ಯಾಕೇ ಎಲ್ಲಕ್ಕಿಂತ ಅಗ್ಗ ಇರುತ್ತದೆ, ದೊಡ್ಡದು ಅಗ್ಗ ಎಂದು ಎಲ್ಲರೂ ನಂಬಿರುವುದರಿಂದ ಯಾರೂ ಹೋಲಿಸುವುದಿಲ್ಲ.

ಹೋಲಿಸುವಾಗ ಎರಡೂ ಕಡೆ ಒಂದೇ ಅಳತೆ ಇದೆಯಾ ನೋಡಿ. ಒಂದು ಚೀಟಿಯಲ್ಲಿ 100 ಗ್ರಾಮಿಗೆ, ಪಕ್ಕದ್ದರಲ್ಲಿ ಕಿಲೋಗೆ ಬರೆದಿರುತ್ತಾರೆ. ಎಣ್ಣೆಯಲ್ಲಿ ಇನ್ನೂ ಗೊಂದಲ. ಒಂದು ಬಾಟಲಿ ಲೀಟರಿನಲ್ಲಿ, ಇನ್ನೊಂದು ಪ್ಯಾಕೆಟ್ಟು ಗ್ರಾಮಿನಲ್ಲಿ. ಎಣ್ಣೆ ನೀರಿಗಿಂತ ಹಗುರ, ಒಂದು ಲೀಟರ್ ಅಡುಗೆ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಹಾಗಾಗಿ ಒಂದು ಕಿಲೋ ಎಣ್ಣೆ ಅಂದರೆ ಒಂದು ಲೀಟರಿಗಿಂತ ಜಾಸ್ತಿ. ಎರಡಕ್ಕೂ ಒಂದೇ ದರ ಇದ್ದರೆ ಕಿಲೋ ಪ್ಯಾಕನ್ನೇ ತೆಗೆದುಕೊಳ್ಳಿ.

ತೂಕ ಸದ್ದಿಲ್ಲದೆ ಇಳಿಸುವ ವಿಷಯವೂ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇದರ ಬಗ್ಗೆ ನನಗೆ ನಿಜಕ್ಕೂ ಸಿಟ್ಟಿದೆ. ಪ್ಯಾಕೆಟ್ಟು ಅದೇ, ಬಣ್ಣ ಅದೇ, ದರ ಅದೇ, ಒಳಗೆ ಮಾತ್ರ 500 ಗ್ರಾಂ ಇದ್ದದ್ದು 450 ಆಗಿರುತ್ತದೆ. ಕಿಲೋ ಲೆಕ್ಕದಲ್ಲಿ ಇದು ಶೇಕಡಾ 11ರಷ್ಟು ದರ ಏರಿಕೆ. ಅಷ್ಟು ದರ ಏರಿಸಿದ್ದರೆ ನಾವೆಲ್ಲ ಗಮನಿಸುತ್ತಿದ್ದೆವು. ಫ್ರಾನ್ಸಿನಲ್ಲಿ 2024ರ ಜುಲೈ 1ರಿಂದ, ತೂಕ ಇಳಿಸಿ ಕಿಲೋ ದರ ಏರಿಸಿದ ಸಾಮಾನಿನ ಬಳಿ ಅದನ್ನು ಬರೆದು ಹಾಕಬೇಕು ಎಂದು ದೊಡ್ಡ ಅಂಗಡಿಗಳಿಗೆ ನಿಯಮ ಮಾಡಿದ್ದಾರೆ. ಎಲ್ಲ ಕಡೆಯೂ ಬರಬೇಕಾದ ನಿಯಮ ಇದು. ಬರುವ ತನಕ ನಮ್ಮ ಕಾವಲು ನಾವೇ ಕಾಯಬೇಕು. ನಾನು ಒಂದು ಚಿಕ್ಕ ನೋಟ್‌ಬುಕ್ ಇಟ್ಟಿದ್ದೇನೆ. ಪ್ರತಿ ತಿಂಗಳೂ ತರುವ 15 ವಸ್ತುಗಳ ಹೆಸರು, ತೂಕ, ಕಿಲೋ ದರ, ತಾರೀಖು ಅದರಲ್ಲಿ ಇರುತ್ತದೆ. ಅಷ್ಟೇ. ನೂರು ವಸ್ತುಗಳ ದರ ಯಾರಿಗೂ ನೆನಪಿರುವುದಿಲ್ಲ, 15 ಗೊತ್ತಿದ್ದರೆ ಸಾಕು, ಬಿಲ್ಲಿನ ದೊಡ್ಡ ಪಾಲು ಅವೇ.

ಇನ್ನು ಕೆಡುವ ಸಾಮಾನು. ದೊಡ್ಡ ಪ್ಯಾಕ್ ಕಿಲೋಗೆ ಶೇಕಡಾ 20 ಅಗ್ಗ ಎಂದು 5 ಕಿಲೋ ತಂದಿರಿ ಅಂದುಕೊಳ್ಳಿ. ಅದರಲ್ಲಿ ಒಂದು ಕಿಲೋ ಹುಳ ಬಿದ್ದು ಎಸೆದರೆ ನೀವು ಕೊಟ್ಟ ದುಡ್ಡು ಚಿಕ್ಕ ಪ್ಯಾಕಿನ 4 ಕಿಲೋಗೆ ಸರಿಯಾಗುತ್ತದೆ. ಉಳಿತಾಯ ಸೊನ್ನೆ, ಹೊತ್ತು ತಂದ ಶ್ರಮ ಬೇರೆ. ಒಂದು ಕಿಲೋಗಿಂತ ಜಾಸ್ತಿ ಎಸೆದರೆ ನಷ್ಟವೇ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಕೊಟ್ಟ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ ಆಹಾರ ವ್ಯರ್ಥವಾಗಿದೆ, ಅದರಲ್ಲಿ ಶೇಕಡಾ 60ರಷ್ಟು ಮನೆಗಳಲ್ಲೇ. ಹೋಟೆಲು, ಅಂಗಡಿ ಎರಡೂ ಸೇರಿದರೂ ನಮ್ಮ ಮನೆಗಳಷ್ಟು ಎಸೆಯುವುದಿಲ್ಲ. ಇದನ್ನು ಓದಿದ ದಿನ ನಾನು ನನ್ನ ಫ್ರಿಜ್ಜಿನ ಕೆಳಗಿನ ಡ್ರಾಯರ್ ತೆರೆದು ನೋಡಿದೆ. ಕವರಿನ ಒಳಗೇ ನೀರಾಗಿ ಹೋಗಿದ್ದ ಸೊಪ್ಪು, ಅದರ ಮೇಲೆ ಹಳದಿ ಬಣ್ಣದ ರಿಯಾಯಿತಿ ಸ್ಟಿಕ್ಕರ್ ಇನ್ನೂ ಗಟ್ಟಿಯಾಗಿ ಅಂಟಿಕೊಂಡಿತ್ತು. ಆ ಸ್ಟಿಕ್ಕರ್ ಕಿತ್ತು ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಅಂಟಿಸಿದ್ದೇನೆ.

ಹಾಗಾಗಿ ಸೋಪು, ಡಿಟರ್ಜೆಂಟು, ಟಿಶ್ಯೂ, ಉಪ್ಪು, ಇಂಥವು ದೊಡ್ಡದು ತನ್ನಿ. ಸೊಪ್ಪು, ಹಣ್ಣು, ಬ್ರೆಡ್ಡು ಎಷ್ಟೇ ಅಗ್ಗ ಇದ್ದರೂ ತಿನ್ನುವಷ್ಟೇ. ಅಥವಾ ಗೆಳತಿಯ ಜೊತೆ ದೊಡ್ಡ ಪ್ಯಾಕ್ ತಂದು ಇಬ್ಬರೂ ಹಂಚಿಕೊಳ್ಳಿ, ಹೇಗೂ ಅವಳಿಗೆ ಲೆಕ್ಕ ಗೊತ್ತಿದೆ.

ಎರಡು ಕೊಂಡರೆ ಒಂದು ಉಚಿತ, ಎರಡನೆಯದು ಅರ್ಧ ಬೆಲೆಗೆ, ಶೇಕಡಾ 20 ಹೆಚ್ಚುವರಿ. ಇವುಗಳಲ್ಲಿ ಯಾವುದು ನಿಜವಾಗಿ ಒಳ್ಳೆಯದು?

ಲೆಕ್ಕ ಸುಲಭ. ಎರಡಕ್ಕೆ ಒಂದು ಉಚಿತ ಅಂದರೆ ಶೇಕಡಾ 33 ಕಡಿತ. ಎರಡನೆಯದು ಅರ್ಧ ಬೆಲೆ ಅಂದರೆ ಒಟ್ಟಿಗೆ ಶೇಕಡಾ 25, ಐವತ್ತಲ್ಲ. ಶೇಕಡಾ 20 ಹೆಚ್ಚುವರಿ ಅಂದರೆ ಕಡಿತ 20 ಅಲ್ಲ, ಸುಮಾರು 17. ಆದರೆ ಮೂರೂ ಲೆಕ್ಕ ನಿಮಗೆ ಅಷ್ಟು ಸಾಮಾನು ಬೇಕಿದ್ದರೆ ಮಾತ್ರ. ಒಂದು ಬೇಕಿದ್ದವರು ಮೂರು ತಂದರೆ ಎರಡು ಪಟ್ಟು ಖರ್ಚು ಮಾಡಿದ ಹಾಗೆ.

ಅವಧಿ ಹತ್ತಿರ ಬಂದ ಸಾಮಾನು ಅರ್ಧ ಬೆಲೆಗೆ ಇಟ್ಟಿರುತ್ತಾರೆ. ತರಬಹುದಾ?

ತರಬಹುದು, ತಾರೀಖಿನ ಮುಂದೆ ಏನು ಬರೆದಿದೆ ಓದಿ. "ಈ ದಿನದೊಳಗೆ ಬಳಸಿ" ಎಂದಿದ್ದರೆ ಅದು ಸುರಕ್ಷತೆಯ ವಿಷಯ, ಆ ದಿನ ದಾಟಿದ ಮೇಲೆ ತಿನ್ನಲೇಬೇಡಿ. ಮಾಂಸ, ಮೀನಿನಂಥ ಬೇಗ ಕೆಡುವ ಸಾಮಾನಿಗೆ ಹೀಗೆ ಹಾಕುತ್ತಾರೆ. "ಈ ದಿನದವರೆಗೆ ಉತ್ತಮ" ಎಂದಿದ್ದರೆ ರುಚಿ, ಗರಿಗರಿತನದ ವಿಷಯ. ಎರಡಕ್ಕೂ ಒಂದೇ ನಿಯಮ ನನ್ನದು: ಅವತ್ತು ಅಥವಾ ನಾಳೆ ಅಡುಗೆಗೆ ಹಾಕುತ್ತೇನೆ ಎಂದು ಖಚಿತ ಇದ್ದರೆ ಮಾತ್ರ ಬುಟ್ಟಿಗೆ. ಪ್ಯಾಕೆಟ್ಟು ಉಬ್ಬಿದ್ದರೆ, ಸೀಲು ಬಿಟ್ಟಿದ್ದರೆ ಪುಕ್ಕಟೆ ಕೊಟ್ಟರೂ ಬೇಡ.

ಶೆಲ್ಫಿನಲ್ಲಿ ಒಂದು ದರ, ಬಿಲ್ಲಿನಲ್ಲಿ ಇನ್ನೊಂದು ದರ. ಹೀಗೂ ಆಗುತ್ತದಾ?

ಆಗುತ್ತದೆ, ನನಗೇ ಆಗಿದೆ. ಒಂದು ಸಲ ಆಫರ್ ಚೀಟಿ ನೋಡಿ ನಾಲ್ಕು ಡಿಟರ್ಜೆಂಟ್ ಪ್ಯಾಕ್ ತೆಗೆದುಕೊಂಡೆ. ಮನೆಗೆ ಬಂದು ಬಿಲ್ಲು ನೋಡಿದರೆ ನಾಲ್ಕಕ್ಕೂ ಪೂರ್ತಿ ದರ ಹಾಕಿದ್ದಾರೆ. ವಾಪಸ್ ಹೋದೆ. ಆಫರ್ ಹಿಂದಿನ ದಿನವೇ ಮುಗಿದಿತ್ತಂತೆ, ಚೀಟಿ ತೆಗೆಯಲು ಮರೆತಿದ್ದರಂತೆ. ನಾನು ಶೆಲ್ಫಿನ ಫೋಟೋ ತೆಗೆದಿರಲಿಲ್ಲ, ನಾನು ಹೋಗುವಷ್ಟರಲ್ಲಿ ಚೀಟಿಯೂ ಇರಲಿಲ್ಲ. ಅವತ್ತಿನಿಂದ ಆಫರ್ ಸಾಮಾನು ತೆಗೆದಾಗೆಲ್ಲ ಚೀಟಿಯ ಫೋಟೋ ತೆಗೆಯುತ್ತೇನೆ, ಬಿಲ್ಲನ್ನು ಬಾಗಿಲು ದಾಟುವ ಮುಂಚೆ ಓದುತ್ತೇನೆ. ಎರಡು ನಿಮಿಷದ ಕೆಲಸ. ಮುಖ್ಯವಾಗಿ ನೋಡಬೇಕಾದ್ದು ಮೂರು: ಆಫರ್ ಕಡಿತ ಬಂದಿದೆಯಾ, ಒಂದೇ ವಸ್ತು ಎರಡು ಸಲ ಬಿದ್ದಿದೆಯಾ, ತೂಗಿದ ತರಕಾರಿಗೆ ಸರಿಯಾದ ಹೆಸರು ಹಾಕಿದ್ದಾರಾ.

ಮೇಡಂ, ಇದು ಚಿಕ್ಕ ವಿಷಯ ಅನ್ನಿಸಬಹುದು. ನನಗೆ ಇತ್ತೀಚೆಗೆ ಕೆಲಸ ಹೋಗಿದೆ. ಅಂಗಡಿಯಲ್ಲಿ ಎಷ್ಟು ಜಾಗ್ರತೆಯಿಂದ ತೆಗೆದುಕೊಂಡರೂ ಕೌಂಟರಿಗೆ ಬಂದಾಗ ಮೊತ್ತ ಕೈಯಲ್ಲಿರುವುದಕ್ಕಿಂತ ಜಾಸ್ತಿ ಆಗುತ್ತದೆ. ಹಿಂದೆ ಕ್ಯೂ ಇರುತ್ತದೆ. ಒಂದೆರಡು ಸಾಮಾನು ವಾಪಸ್ ಕೊಡಲು ನಾಚಿಕೆಯಾಗಿ ಕಾರ್ಡಿನಲ್ಲಿ ಸಾಲ ಮಾಡಿ ಕಟ್ಟಿ ಬರುತ್ತಿದ್ದೇನೆ.

ಚಿಕ್ಕ ವಿಷಯ ಅಲ್ಲ ತಮ್ಮಾ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ.

ಮೊದಲು ಕಾರ್ಡಿನ ವಿಷಯ. ಆ ಸಾಲ ಪೂರ್ತಿ ತೀರದೆ ಮುಂದಿನ ತಿಂಗಳಿಗೆ ಹೋದರೆ ಬಡ್ಡಿ ಬೀಳುತ್ತದೆ, ಅಂಗಡಿಯಲ್ಲಿ ಉಳಿಸಿದ್ದೆಲ್ಲ ಅದಕ್ಕೇ ಹೋಗುತ್ತದೆ. ಅಂಗಡಿಗೆ ಹೋಗುವಾಗ ಕಾರ್ಡು ಮನೆಯಲ್ಲೇ ಇಡಿ, ನಗದು ಮಾತ್ರ ಒಯ್ಯಿರಿ.

ಮೊತ್ತ ಮೀರದ ಹಾಗೆ ನೋಡಿಕೊಳ್ಳಲು ಒಂದು ದಾರಿ ಇದೆ. ಬುಟ್ಟಿಗೆ ಹಾಕುವಾಗಲೇ ಪ್ರತಿ ವಸ್ತುವಿನ ದರವನ್ನು ಮೇಲಕ್ಕೆ ಹೊಂದಿಸಿ ಫೋನಿನಲ್ಲಿ ಕೂಡಿಸುತ್ತಾ ಹೋಗಿ. 47 ಇದ್ದರೆ 50, 82 ಇದ್ದರೆ 90. ಹೀಗೆ ಮಾಡಿದರೆ ನಿಜವಾದ ಬಿಲ್ಲು ನಿಮ್ಮ ಲೆಕ್ಕಕ್ಕಿಂತ ಸಾಮಾನ್ಯವಾಗಿ ಕಮ್ಮಿಯೇ ಬರುತ್ತದೆ. ಚೀಟಿ ಬರೆಯುವಾಗಲೂ ಇಲ್ಲದಿದ್ದರೆ ಆಗದ ಸಾಮಾನು ಮೇಲೆ, ಮುಂದಿನ ವಾರಕ್ಕೆ ಆದರೂ ಆದೀತು ಅನ್ನುವಂಥದ್ದು ಕೆಳಗೆ. ಮೇಲಿನದ್ದನ್ನು ಮೊದಲು ತೆಗೆದುಕೊಳ್ಳಿ, ಕೌಂಟರಿನಲ್ಲೂ ಅವನ್ನೇ ಮೊದಲು ಇಡಿ, ಕೆಳಗಿನದ್ದನ್ನು ಕೊನೆಗೆ. ಅಷ್ಟಾಗಿಯೂ ಮೊತ್ತ ಹತ್ತಿರ ಬಂದರೆ "ಇಷ್ಟಕ್ಕೇ ನಿಲ್ಲಿಸಿ, ಉಳಿದದ್ದು ಬೇಡ" ಅನ್ನಿ. ಸ್ಕ್ಯಾನ್ ಆಗದ ಸಾಮಾನನ್ನು ಪಕ್ಕಕ್ಕೆ ಇಡುವುದು ಅವರಿಗೂ ಸುಲಭ, ಬಿಲ್ಲಿನಿಂದ ತೆಗೆಯುವ ರಗಳೆಯೇ ಇಲ್ಲ.

ಹಿಂದೆ ನಿಂತವರು ಏನಂದುಕೊಳ್ಳುತ್ತಾರೋ ಅಂತ ಬರೆದಿದ್ದೀರಿ. ನಾನು ಮದುವೆಗೆ ಮುಂಚೆ ಎರಡು ವರ್ಷ ಇಂಥದ್ದೇ ಒಂದು ಕೌಂಟರಿನಲ್ಲಿ ಕೆಲಸ ಮಾಡಿದವಳು. ದಿನಕ್ಕೆ ನಾಲ್ಕಾರು ಜನ ಏನಾದರೊಂದು ವಾಪಸ್ ಇಡುತ್ತಿದ್ದರು. ಒಳ್ಳೆಯ ಬಟ್ಟೆ ಹಾಕಿದವರೂ ಇಡುತ್ತಿದ್ದರು, ವಯಸ್ಸಾದವರೂ ಇಡುತ್ತಿದ್ದರು. ಅವರ ಮುಖ ಒಂದೂ ನನಗೆ ಇವತ್ತು ನೆನಪಿಲ್ಲ. ಕೌಂಟರಿನ ಕೆಳಗೆ ಒಂದು ನೀಲಿ ಬುಟ್ಟಿ ಇರುತ್ತಿತ್ತು, ವಾಪಸ್ ಬಂದದ್ದನ್ನು ಹಾಕಲೆಂದೇ. ಸಂಜೆ ಅದು ತುಂಬಿರುತ್ತಿತ್ತು, ನಾವು ಎಲ್ಲವನ್ನೂ ಶೆಲ್ಫಿಗೆ ಜೋಡಿಸಿ ಮನೆಗೆ ಹೋಗುತ್ತಿದ್ದೆವು.